ಗೋಡು ಹೊಡೆಸುವ ಮುಂಚೆ

ಬೇಸಿಗೆ ಬಂತೆಂದರೆ ಒಂದೇ ಪ್ರಶ್ನೆ ನನಗೆ ಹಲವು ಊರುಗಳಿಂದ ಬರುತ್ತದೆ. ಹೊಸಕೋಟೆ, ಬಿಡದಿ, ಆನೇಕಲ್, ದೊಡ್ಡಬಳ್ಳಾಪುರ, ಎಲ್ಲ ಕಡೆಯದೂ ಒಂದೇ ಮಾತು: ‘ಸಾರ್, ಪಕ್ಕದ ಕೆರೆಯಲ್ಲಿ ಹೂಳು ತೆಗೀತಿದಾರೆ. ಟಿಪ್ಪರ್ ಬಾಡಿಗೆ ಕೊಟ್ಟರೆ ಸಾಕು, ತಂದು ಸುರಿದು ಹೋಗ್ತಾರೆ. ಮಣ್ಣು ಕರ್ರಗೆ ಬೆಣ್ಣೆ ಥರ ಇದೆ. ಹೊಡೆಸಬಹುದಾ?’ ಕಳೆದ ವಾರ ಹೀಗೆ ಕೇಳಿದವರು ಒಂದೂವರೆ ಎಕರೆಯಲ್ಲಿ ಸೊಪ್ಪು ಬೆಳೆದು ದಿನವೂ ಬೆಳಗಿನ ಜಾವ ಮಾರುಕಟ್ಟೆಗೆ ಕಳಿಸುವ ಹೆಣ್ಣುಮಗಳು. ‘ಆ ಕೆರೆಗೆ ನೀರು ಎಲ್ಲಿಂದ ಬರುತ್ತಮ್ಮಾ?’ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊರಿನ ಮೋರಿ ನೀರು ಸಾರ್. ಮೇಲುಗಡೆ ನಾಲ್ಕೈದು ಫ್ಯಾಕ್ಟರಿ ಇವೆ, ಅವುಗಳದೂ ಅಲ್ಲಿಗೇ ಬರುತ್ತೆ’ ಎಂದರು. ಫೋನಿನಲ್ಲಿ ಆಕೆಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಹೇಳಬೇಕು ಅನ್ನಿಸಿತು.

ನಮ್ಮ ತುಮಕೂರು ಸೀಮೆಯಲ್ಲಿ ಕೆರೆಯ ಹೂಳಿಗೆ ಗೋಡು ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಯುಗಾದಿ ಕಳೆದು ಕೆರೆಯಂಗಳ ಬಿರುಕು ಬಿಡುತ್ತಿದ್ದ ಹಾಗೇ ಊರಿಗೆ ಊರೇ ಗಾಡಿ ಕಟ್ಟುತ್ತಿತ್ತು. ಗುದ್ದಲಿಯಲ್ಲಿ ಹೆಂಟೆ ಎಬ್ಬಿಸಿ, ಮಂಕರಿಯಲ್ಲಿ ತುಂಬಿ, ಹೊಲದಲ್ಲಿ ಗುಡ್ಡೆ ಗುಡ್ಡೆಯಾಗಿ ಸುರಿದು, ಮೊದಲ ಮಳೆಗೆ ಹೆಂಟೆ ನೆನೆದು ಅರಳಿದ ಮೇಲೆ ಹರಡುವುದು ಕ್ರಮ. ತಾತ ಕೆರೆಯಲ್ಲಿ ಎಲ್ಲೆಂದರಲ್ಲಿ ಗೋಡು ತೆಗೆಯುತ್ತಿರಲಿಲ್ಲ. ಹಳ್ಳ ಬಂದು ಸೇರುವ ಕಡೆ ಮರಳು ಜಾಸ್ತಿ, ಅದು ಬೇಡ. ಏರಿಯ ಹತ್ತಿರ, ತೂಬಿನ ಆಸುಪಾಸಿನ ನುಣ್ಣನೆಯ ಮಣ್ಣೇ ಆಗಬೇಕು ಎನ್ನುತ್ತಿದ್ದ. ಅಂಥ ಗೋಡು ಬಿದ್ದ ಹೊಲ ಎರಡು ಮೂರು ವರ್ಷ ಗೊಬ್ಬರ ಕೇಳುವುದಿಲ್ಲ ಎಂಬುದು ಅವನ ಲೆಕ್ಕ. ಆ ಲೆಕ್ಕವನ್ನು ರಾಗಿ ತೆನೆ ಸುಳ್ಳು ಮಾಡಿದ್ದನ್ನು ನಾನು ಕಂಡಿಲ್ಲ.

ತಾತನ ಆಯ್ಕೆಗೆ ಮಣ್ಣುಶಾಸ್ತ್ರದಲ್ಲಿ ಸರಿಯಾದ ಕಾರಣವಿದೆ. ಮಳೆನೀರು ಹೊಲ, ಗೋಮಾಳ, ಕಾಡಿನ ಮೇಲ್ಮಣ್ಣನ್ನು ಕೊಚ್ಚಿ ತರುತ್ತದೆ. ಕೆರೆ ಸೇರುತ್ತಲೇ ಅದರ ಓಟ ನಿಧಾನವಾಗುತ್ತದೆ. ದಪ್ಪ ಮರಳು ಮೊದಲು ತಳಕ್ಕೆ ಕೂರುತ್ತದೆ. ನುಣ್ಣನೆಯ ಜೇಡಿಕಣ ತೇಲುತ್ತಾ ಏರಿಯವರೆಗೂ ಬಂದು ಅಲ್ಲಿ ತಂಗುತ್ತದೆ. ಜೇಡಿಕಣದ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶವಿರುವ ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ, ಸತು ಅದಕ್ಕೆ ಅಂಟಿಕೊಳ್ಳುತ್ತವೆ. ಜೊತೆಗೆ ದನಗಳ ಸಗಣಿ, ಕೊಳೆತ ಎಲೆ, ಹಕ್ಕಿ ಹಿಕ್ಕೆ ಎಲ್ಲ ಸೇರಿ ಸಾವಯವ ಅಂಶ. ಕೊಚ್ಚಿಹೋದ ಹೊಲದ ಸಾರವೇ ಕೆರೆಯಲ್ಲಿ ಕೂಡಿ ಮತ್ತೆ ಹೊಲಕ್ಕೆ ಮರಳುತ್ತಿತ್ತು. ಇಷ್ಟು ಚೊಕ್ಕವಾದ ಗೊಬ್ಬರದ ಸುತ್ತು ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಆದರೆ ಜೇಡಿಕಣಕ್ಕೆ ಬೇಕಾದದ್ದು, ಬೇಡವಾದದ್ದು ಎಂಬ ಭೇದವಿಲ್ಲ. ಸತುವನ್ನು ಹಿಡಿದ ಹಾಗೇ ಕ್ಯಾಡ್ಮಿಯಂ ಅನ್ನು, ಸುಣ್ಣವನ್ನು ಹಿಡಿದ ಹಾಗೇ ಸೀಸವನ್ನು ಹಿಡಿಯುತ್ತದೆ. ತಾತ ಹುಡುಕುತ್ತಿದ್ದ ಏರಿಪಕ್ಕದ ನುಣುಪು ಮಣ್ಣಿನಲ್ಲಿಯೇ, ಕೆರೆಗೆ ಏನಾದರೂ ಲೋಹ ಬಂದಿದ್ದರೆ, ಅದು ಅತಿ ಹೆಚ್ಚು ಸೇರಿರುತ್ತದೆ. ಸಾರ ಹುಡುಕಿಕೊಂಡು ಹೋದವನ ಕೈಗೆ ಲೋಹವೂ ಸಿಗುವುದು ಹೀಗೆ.

ಲೋಹ ಎಲ್ಲಿಂದ ಬರುತ್ತದೆ? ಕೈಗಾರಿಕೆ ಎಂದ ಕೂಡಲೇ ಎಲ್ಲರೂ ಒಪ್ಪುತ್ತಾರೆ. ಪೀಣ್ಯದಂಥ ಪ್ರದೇಶಗಳಲ್ಲಿ ಬಿಡಿಭಾಗಗಳಿಗೆ ಹೊಳಪಿನ ಲೇಪ ಹಾಕುವ ಘಟಕಗಳಲ್ಲಿ ಕ್ರೋಮಿಯಂ, ನಿಕ್ಕಲ್, ಸತು ದಿನದ ಬಳಕೆಯ ಸರಕು. ತೊಳೆದ ನೀರು ಸರಿಯಾಗಿ ಸಂಸ್ಕರಣೆಯಾಗದೆ ರಾಜಕಾಲುವೆಗೆ ಬಿದ್ದರೆ ಮುಂದಿನ ಕೆರೆಯ ತಳವೇ ಅದರ ಮನೆ. ಆದರೆ ಕಾರ್ಖಾನೆಯೇ ಇಲ್ಲದ ಬಡಾವಣೆಯ ಕೆರೆಗೂ ಲೋಹ ಬರುತ್ತದೆ. ವಾಹನದ ಟೈರು ಸವೆದರೆ ಅದರ ಪುಡಿಯಲ್ಲಿ ಸತು ಇರುತ್ತದೆ, ಬ್ರೇಕ್ ಸವೆದರೆ ತಾಮ್ರ. ಹಳೆಯ ಬಣ್ಣದ ಹಕ್ಕಳೆ, ಬಿಸಾಡಿದ ಬ್ಯಾಟರಿ, ತಗಡಿನ ಚಾವಣಿಯ ಮೇಲೆ ಬಿದ್ದ ಮಳೆನೀರು, ಇವೆಲ್ಲ ಒಂದೊಂದು ಚಿಟಿಕೆ ಸೇರಿಸುತ್ತವೆ. ಹೊಲವೂ ಇದರಿಂದ ಹೊರತಲ್ಲ. ಡಿಎಪಿ, ಸೂಪರ್ ಫಾಸ್ಫೇಟ್ ತಯಾರಾಗುವ ರಂಜಕದ ಬಂಡೆಯಲ್ಲೇ ಅಷ್ಟಿಷ್ಟು ಕ್ಯಾಡ್ಮಿಯಂ ಹುಟ್ಟಿನಿಂದ ಇರುತ್ತದೆ. ಗೊಬ್ಬರದ ಜೊತೆ ಅದೂ ಮಣ್ಣಿಗೆ ಬರುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತದ್ದು 2000ದಲ್ಲಿ. ಆ ಹಿಂದಿನ ದಶಕಗಳಲ್ಲಿ ಹೊಗೆಯಾಗಿ ಹೋದ ಸೀಸ ರಸ್ತೆಬದಿಯ ಮಣ್ಣಿನಲ್ಲಿ ಇವತ್ತಿಗೂ ಕೂತಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೋರಿ ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ಮೂತ್ರ, ಯೂರಿಯಾದಿಂದ ಬಂದ ಸಾರಜನಕಕ್ಕೂ ಒಂದು ದಾರಿಯಿದೆ: ಉಸಿರುಗಟ್ಟಿದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಗಾಳಿಯಲ್ಲಿರುವ ಮಾಮೂಲಿ ನೈಟ್ರೋಜನ್ ಆಗಿಸಿ ಮೇಲಕ್ಕೆ ಕಳಿಸುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಇವಕ್ಕಂತೂ ಇಲ್ಲವೇ ಇಲ್ಲ. ಅವನ್ನು ಸುಡಲಾಗದು, ಕೊಳೆಸಲಾಗದು, ಯಾವ ಸೂಕ್ಷ್ಮಜೀವಿಯೂ ಅವನ್ನು ಇಲ್ಲವಾಗಿಸಲಾರದು. ನೀರಿನಿಂದ ಕೆಸರಿಗೆ, ಕೆಸರಿನಿಂದ ಗಿಡಕ್ಕೆ, ಗಿಡದಿಂದ ನಮಗೆ ಅಥವಾ ಹಸುವಿಗೆ, ಹೀಗೆ ಜಾಗ ಬದಲಾಯಿಸುವುದಷ್ಟೇ ಅವಕ್ಕೆ ಗೊತ್ತು. ‘ಬಿಸಿಲಿಗೆ ಹರಡಿದರೆ ವಿಷ ಇಳಿಯುತ್ತೆ’ ಎಂದು ಅನೇಕರು ನಂಬಿದ್ದಾರೆ. ರೋಗಾಣುಗಳ ಮಟ್ಟಿಗೆ ಅದು ಬಹುಪಾಲು ನಿಜ. ಲೋಹದ ಮಟ್ಟಿಗೆ ಬಿಸಿಲು ಮಾಡುವುದು ಬೇರೆಯದೇ ಕೆಲಸ.

ಅದನ್ನು ಕಣ್ಣಾರೆ ನೋಡಬೇಕೆಂದು ಕೆಲವು ವರ್ಷಗಳ ಹಿಂದೆ ನಗರದಂಚಿನ ಒಂದು ಕೆರೆಯಿಂದ ಬಕೆಟ್ ತುಂಬ ಹೂಳು ತಂದು ಮಹಡಿಯ ಮೇಲೆ ಅಗಲವಾದ ತಟ್ಟೆಯಲ್ಲಿ ಹರಡಿಟ್ಟಿದ್ದೆ. ಮೊದಲ ದಿನ ಕಾಡಿಗೆಯಷ್ಟು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಮೂರನೆಯ ದಿನಕ್ಕೆ ತಟ್ಟೆಯ ಅಂಚು ಕಂದುಬಣ್ಣಕ್ಕೆ ತಿರುಗಿತು, ವಾಸನೆ ಇಳಿಯಿತು. ವಾರ ಕಳೆಯುವ ಹೊತ್ತಿಗೆ ಮೇಲ್ಮೈಯೆಲ್ಲ ತುಕ್ಕಿನ ಬಣ್ಣ. ಹೆಂಟೆ ಮುರಿದರೆ ನಡುವೆ ಮಾತ್ರ ಇನ್ನೂ ಕಪ್ಪು. ನೋಡಿದ ಯಾರಾದರೂ ‘ಈಗ ಮಣ್ಣು ಹದಕ್ಕೆ ಬಂತು’ ಎನ್ನುವ ಹಾಗಿತ್ತು.

ಆ ಬಣ್ಣದ ಬದಲಾವಣೆಯಲ್ಲಿ ಇಡೀ ವಿಷಯ ಅಡಗಿದೆ. ಕೆರೆಯ ತಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಉಸಿರಾಡುತ್ತವೆ, ಅದರಿಂದ ಗಂಧಕದ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಆ ಗಂಧಕ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಸಲ್ಫೈಡ್. ಸತು, ಕ್ಯಾಡ್ಮಿಯಂ, ಸೀಸ, ತಾಮ್ರ ಇವಕ್ಕೆ ಗಂಧಕದ ಮೇಲೆ ಕಬ್ಬಿಣಕ್ಕಿಂತಲೂ ಹೆಚ್ಚು ಸೆಳೆತ. ಅವೂ ಸಲ್ಫೈಡ್ ಆಗಿ ನೀರಿನಲ್ಲಿ ಕರಗದ ಹರಳುಗಳಾಗುತ್ತವೆ. ಹೀಗೆ ನೀರಿನಡಿಯ ಕಪ್ಪು ಕೆಸರು ಲೋಹವನ್ನು ಬೀಗ ಹಾಕಿ ಇಟ್ಟುಕೊಂಡಿರುತ್ತದೆ. ಅಲ್ಲಿರುವಷ್ಟು ಕಾಲ ಹೆಚ್ಚಿನ ಅಪಾಯವಿಲ್ಲ. ಅದೇ ಕೆಸರನ್ನು ಜೆಸಿಬಿ ಮೇಲೆತ್ತಿ ಗಾಳಿಗೆ ಒಡ್ಡಿದಾಗ ಸಲ್ಫೈಡ್ ಉರಿದು ಸಲ್ಫೇಟ್ ಆಗುತ್ತದೆ, ಜೊತೆಗೆ ಆಮ್ಲ ಹುಟ್ಟುತ್ತದೆ, ಕಬ್ಬಿಣ ತುಕ್ಕಾಗುತ್ತದೆ, ಬೀಗ ತೆರೆಯುತ್ತದೆ. ಸೀಸದ ಬಹುಪಾಲನ್ನು ಹೊಸದಾಗಿ ಹುಟ್ಟಿದ ತುಕ್ಕು ಮತ್ತೆ ಹಿಡಿದುಕೊಳ್ಳುತ್ತದೆ. ಕ್ಯಾಡ್ಮಿಯಂ ಮತ್ತು ಸತು ಅಷ್ಟು ಸುಲಭಕ್ಕೆ ಮತ್ತೆ ಸಿಕ್ಕುವುದಿಲ್ಲ, ಬೇರಿಗೆ ಎಟುಕುವ ರೂಪದಲ್ಲಿ ಉಳಿಯುತ್ತವೆ. ಕೆರೆಯಲ್ಲಿದ್ದಷ್ಟೇ ಕ್ಯಾಡ್ಮಿಯಂ ಹೊಲದಲ್ಲೂ ಇದೆ, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಆದರೆ ಕೆರೆಯಲ್ಲಿ ಅದು ಕಲ್ಲಾಗಿತ್ತು, ಹೊಲದಲ್ಲಿ ಉಪ್ಪಾಗಿದೆ.

ಪೋಷಕಾಂಶದ ಕಥೆ ಇದಕ್ಕೆ ತಿರುಗುಮುರುಗು. ರಂಜಕವನ್ನು ಹಿಡಿಯುವುದೇ ಕಬ್ಬಿಣದ ತುಕ್ಕು. ಕೆರೆಯ ತಳದಲ್ಲಿ ಉಸಿರು ಕಟ್ಟಿದಾಗ ತುಕ್ಕು ಕರಗಿ ರಂಜಕ ನೀರಿಗೆ ಬಿಡುಗಡೆಯಾಗುತ್ತದೆ. ಮೋರಿಯನ್ನು ತಿರುಗಿಸಿದ ಮೇಲೂ ಎಷ್ಟೋ ಕೆರೆಗಳು ವರ್ಷಗಟ್ಟಲೆ ಹಸಿರುಗಟ್ಟಿಯೇ ಇರುವುದು ಇದರಿಂದ: ಹೊಸ ಕೊಳೆ ಬರುವುದು ನಿಂತಿದ್ದರೂ ತಳದ ಹಳೆಯ ಸಾಲ ತೀರಿರುವುದಿಲ್ಲ. ಅಂದರೆ ಕ್ಯಾಡ್ಮಿಯಂ ಕೂತಿರುವ ಹೊತ್ತಿಗೆ ರಂಜಕ ಏಳುತ್ತದೆ, ರಂಜಕ ಕೂತ ಹೊತ್ತಿಗೆ ಕ್ಯಾಡ್ಮಿಯಂ ಏಳುತ್ತದೆ. ರಸಾಯನದ ಗುಣದಲ್ಲಿ ರಂಜಕದ ದಾಯಾದಿಯಾದ ಆರ್ಸೆನಿಕ್ ಕೂಡ ರಂಜಕದ ದಾರಿಯನ್ನೇ ಹಿಡಿಯುತ್ತದೆ. ಭತ್ತದ ಗದ್ದೆಯಲ್ಲಿ ಇದು ದೊಡ್ಡ ಇಕ್ಕಟ್ಟು. ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಬೀಗದೊಳಗೆ ಹೋಗುತ್ತದೆ, ಆರ್ಸೆನಿಕ್ ಹೊರಗೆ ಬರುತ್ತದೆ. ನೀರು ಬಸಿದರೆ ಆರ್ಸೆನಿಕ್ ಅಡಗುತ್ತದೆ, ಕ್ಯಾಡ್ಮಿಯಂ ಎದ್ದು ಬರುತ್ತದೆ. ಇನ್ನು ಕ್ರೋಮಿಯಂ: ಕಾರ್ಖಾನೆಯಿಂದ ಹೊರಬೀಳುವ ಅದರ ಹಳದಿ ರೂಪ ನೀರಿನ ಜೊತೆ ಸಲೀಸಾಗಿ ಓಡುತ್ತದೆ, ಬಹಳ ವಿಷ. ಕೆಸರಿನ ಸಾವಯವ ಅಂಶ ಅದನ್ನು ಓಡಾಡದ, ಕಡಿಮೆ ವಿಷದ ಇನ್ನೊಂದು ರೂಪಕ್ಕೆ ಇಳಿಸುತ್ತದೆ. ಆದ್ದರಿಂದ ‘ಭಾರ ಲೋಹ’ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಮಾತಾಡುವುದು ನನಗೆ ಸರಿಕಾಣುವುದಿಲ್ಲ. ಒಂದೊಂದರ ನಡಿಗೆ ಒಂದೊಂದು ಥರ.

ಗಿಡದೊಳಗೆ ಹೋದ ಮೇಲೂ ಹಾಗೇ. ಸೀಸ ಬೇರಿಗೆ ಬಂದರೂ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಎಲೆಯ ತನಕ ಏರುವುದು ಕಡಿಮೆ. ರಸ್ತೆಬದಿಯ ಸೊಪ್ಪಿನಲ್ಲಿ ಸಿಗುವ ಸೀಸದಲ್ಲಿ ದೊಡ್ಡ ಪಾಲು ಎಲೆಯ ಮೇಲೆ ಕೂತ ದೂಳು. ಮೂರು ನಾಲ್ಕು ನೀರಿನಲ್ಲಿ ಚೆನ್ನಾಗಿ ತೊಳೆದರೆ ಅದರಲ್ಲಿ ಬಹಳಷ್ಟು ಹೋಗುತ್ತದೆ. ಅಜ್ಜಿಯರು ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮುಳುಗಿಸಿ ಮಣ್ಣು ತಳಕ್ಕೆ ಕೂರುವ ತನಕ ಬಿಟ್ಟು ಮೇಲಿನಿಂದ ಎತ್ತುತ್ತಿದ್ದರಲ್ಲ, ಅದು ಒಳ್ಳೆಯ ಪದ್ಧತಿ. ಕ್ಯಾಡ್ಮಿಯಂ ವಿಷಯದಲ್ಲಿ ತೊಳೆಯುವುದರಿಂದ ಪ್ರಯೋಜನವಿಲ್ಲ, ಅದು ಎಲೆಯ ಒಳಗೇ ಇರುತ್ತದೆ. ಸತುವಿಗೂ ಕ್ಯಾಡ್ಮಿಯಂಗೂ ಗುಣ ಹತ್ತಿರ. ಗಿಡ ಸತು, ಕಬ್ಬಿಣ, ಮ್ಯಾಂಗನೀಸ್‌ಗಾಗಿ ತೆರೆದಿಟ್ಟ ಬಾಗಿಲಿನಿಂದ ಕ್ಯಾಡ್ಮಿಯಂ ನುಗ್ಗಿ ಎಲೆಗೆ ಏರುತ್ತದೆ. ಪಾಲಕ್, ದಂಟಿನಂಥ ಸೊಪ್ಪುಗಳಲ್ಲಿ ಅದು ಹೆಚ್ಚು ಸೇರುತ್ತದೆ. ಟೊಮ್ಯಾಟೊ, ಹುರುಳಿಕಾಯಿ, ಸೋರೆ, ಹೀರೆಯಂಥ ಕಾಯಿಗಳಿಗೆ ತಲುಪುವುದು ಅದಕ್ಕಿಂತ ಬಹಳ ಕಡಿಮೆ. ನನಗೆ ಫೋನ್ ಮಾಡಿದ ಹೆಣ್ಣುಮಗಳು ಸೊಪ್ಪು ಬೆಳೆಯುವವರು ಎಂದು ತಿಳಿದಾಗ ನಾನು ಬೇಡವೇ ಬೇಡ ಎಂದದ್ದು ಈ ಕಾರಣಕ್ಕೆ. ಸೊಪ್ಪಿನಲ್ಲಿ ಕ್ಯಾಡ್ಮಿಯಂ ಕಿಲೋಗೆ 0.2 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಆಹಾರ ಮಾನದಂಡ. ಅಂದರೆ ಒಂದು ಟನ್ ಸೊಪ್ಪಿನಲ್ಲಿ ಗ್ರಾಮಿನ ಐದನೆಯ ಒಂದು ಭಾಗ. ಇಷ್ಟು ಸಣ್ಣ ಪ್ರಮಾಣವನ್ನು ರುಚಿ, ಬಣ್ಣ, ವಾಸನೆ ಯಾವುದೂ ಹೇಳಿಕೊಡುವುದಿಲ್ಲ. ಅಂಥ ಮಣ್ಣಿನ ಗಿಡ ಸೊರಗುವುದೂ ಇಲ್ಲ. ರಂಜಕ, ಸಾರಜನಕ ತುಂಬಿದ ಹೂಳಿನಲ್ಲಿ ಸೊಪ್ಪು ಹುಲುಸಾಗಿ, ಕಡು ಹಸಿರಾಗಿ ಬರುತ್ತದೆ, ಮಾರುಕಟ್ಟೆಯಲ್ಲಿ ಒಳ್ಳೆಯ ದರವೂ ಸಿಗುತ್ತದೆ.

ಮಣ್ಣಿನಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಯಾವ ರೂಪದಲ್ಲಿದೆ ಎನ್ನುವುದು ಮುಖ್ಯ ಎಂಬ ಮಾತು ಹೊಸದಲ್ಲ. ನಮ್ಮ ರೈತರಿಗೆ ಅದು ಸತುವಿನ ವಿಷಯದಲ್ಲಿ ಚೆನ್ನಾಗಿ ಗೊತ್ತು. ಕಲಬುರಗಿ, ವಿಜಯಪುರದ ಎರೆಮಣ್ಣನ್ನು ನೋಡಿ. ಅದರಲ್ಲಿ ಸತು ಇಲ್ಲವೆಂದಲ್ಲ. ಆದರೆ ಸುಣ್ಣದಂಶ ಹೆಚ್ಚಿದ್ದು ರಸಸಾರ 8ರ ಮೇಲಿರುವುದರಿಂದ ಜೇಡಿ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಬೆಳೆಗೆ ದಕ್ಕುವ ಸತು ಹತ್ತು ಲಕ್ಷಕ್ಕೆ 0.6 ಭಾಗಕ್ಕಿಂತ ಕಡಿಮೆಯಾದರೆ ಕೊರತೆ ಎಂದು ಲೆಕ್ಕ. 2009ರಲ್ಲಿ ರಾಜ್ಯದಲ್ಲಿ ಭೂಚೇತನ ಯೋಜನೆ ಶುರುವಾದಾಗ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಜಿಲ್ಲೆ ಜಿಲ್ಲೆಯ ಮಣ್ಣು ಪರೀಕ್ಷೆ ನಡೆಯಿತು. ಒಣಬೇಸಾಯದ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡು, ಜಿಂಕ್ ಸಲ್ಫೇಟ್, ಬೊರಾಕ್ಸ್, ಜಿಪ್ಸಂ ಹಾಕಿಸಲಾಯಿತು. ಅದಕ್ಕೂ ಮುಂಚೆ, 1966ರಲ್ಲಿ, ಪಂತ್‌ನಗರದ ವಿಜ್ಞಾನಿ ಯಶವಂತ ನೆನೆ ಅವರು ತರಾಯಿ ಪ್ರದೇಶದ ಭತ್ತಕ್ಕೆ ಬರುತ್ತಿದ್ದ ಖೈರಾ ರೋಗಕ್ಕೆ ಯಾವ ರೋಗಾಣುವೂ ಕಾರಣವಲ್ಲ, ಸತುವಿನ ಕೊರತೆ ಕಾರಣ ಎಂದು ತೋರಿಸಿಕೊಟ್ಟಿದ್ದರು. ಒಂದು ಕಡೆ ಸತುವಿಗಾಗಿ ಹಸಿದ ಹೊಲ, ಇನ್ನೊಂದು ಕಡೆ ನಗರದ ಕೆರೆಯ ತಳದಲ್ಲಿ ಬೇಡದಷ್ಟು ಸತು, ಅದರ ಜೊತೆಗೇ ಕ್ಯಾಡ್ಮಿಯಂ. ಹೂಳಿನಿಂದ ಸತುವನ್ನಷ್ಟೇ ಹೆಕ್ಕಿ ಹೊಲಕ್ಕೆ ಕೊಡುವ ಉಪಾಯ ನಮ್ಮ ಕೈಯಲ್ಲಿಲ್ಲ.

ಎರೆಮಣ್ಣಿನ ಬಿಗಿಹಿಡಿತ ಸತುವಿನ ಪಾಲಿಗೆ ಕೊರತೆಯಾದರೆ ಕ್ಯಾಡ್ಮಿಯಂ ಪಾಲಿಗೆ ಕಾವಲು. ಬೆಂಗಳೂರು, ಕೋಲಾರ, ರಾಮನಗರ ಸುತ್ತಲಿನ ಕೆಂಪುಮಣ್ಣಿಗೆ ಆ ಕಾವಲು ಕಡಿಮೆ. ಜೇಡಿಯ ಹಿಡಿತ ಸಡಿಲ, ಸಾವಯವ ಇಂಗಾಲ ಅಲ್ಪ, ಅನೇಕ ಕಡೆ ಹುಳಿಗುಣ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಸಡಿಲಗೊಳ್ಳುತ್ತದೆ. ಹೂಳಿನ ಲೋಹ ಹೆಚ್ಚಿರುವುದು ಎಲ್ಲಿಯೋ, ಅದನ್ನು ತಡೆದು ನಿಲ್ಲಿಸುವ ಶಕ್ತಿ ಕಡಿಮೆ ಇರುವ ಮಣ್ಣೂ ಅಲ್ಲಿಯೇ ಇದೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಇದರ ಮೇಲೆ ಸವಳು ನೀರಿನ ಬೋರ್‌ವೆಲ್ ಇದ್ದರೆ ಇನ್ನೂ ಕಷ್ಟ. ನೀರಿನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಅದನ್ನು ಜೇಡಿಯಿಂದ ಬಿಡಿಸಿ ಬೇರಿನ ಹತ್ತಿರಕ್ಕೆ ತರುತ್ತದೆ. ಮಣ್ಣಿನಲ್ಲಿ ಸತುವಿನ ಕೊರತೆಯಿದ್ದರೂ ಗಿಡ ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ.

ಇಷ್ಟೆಲ್ಲ ಹೆದರಬೇಕೇ ಎಂದು ಕೇಳುವವರಿಗೆ ಜಪಾನಿನ ಜಿಂಜು ನದಿಯ ದಂಡೆಯನ್ನು ನೆನಪಿಸುತ್ತೇನೆ. ತೊಯಾಮಾ ಪ್ರಾಂತದ ಆ ಬಯಲಿಗೆ ಮೇಲ್ಗಡೆಯ ಕಮಿಯೋಕ ಗಣಿಯಿಂದ ಕ್ಯಾಡ್ಮಿಯಂ ನದಿಯ ಜೊತೆ ಇಳಿದು ಬಂತು. ಕಾಲುವೆ ನೀರಿನಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ಜನರ ಮೂತ್ರಪಿಂಡಕ್ಕೆ ಹೋಯಿತು. ಮೂತ್ರಪಿಂಡ ಕೆಟ್ಟು, ಮೂಳೆ ಮೆದುವಾಗಿ, ಕೆಮ್ಮಿದರೂ ಪಕ್ಕೆಲುಬು ಮುರಿಯುವಂಥ ಸ್ಥಿತಿ. ರೋಗಿಗಳ ನರಳಾಟವೇ ರೋಗದ ಹೆಸರಾಯಿತು: ‘ಇತಾಯಿ ಇತಾಯಿ’, ಎಂದರೆ ನೋವು, ನೋವು. ಹೆಚ್ಚು ನರಳಿದವರು ಹಲವು ಹೆರಿಗೆಯಾದ ನಡುವಯಸ್ಸು ದಾಟಿದ ಹೆಂಗಸರು. 1968ರಲ್ಲಿ ಜಪಾನ್ ಸರ್ಕಾರ ಇದು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಆಮೇಲೆ ಸುಮಾರು 860 ಹೆಕ್ಟೇರ್ ಗದ್ದೆಯ ಮೇಲ್ಮಣ್ಣನ್ನು ಹೂತುಹಾಕಿ, ಬೇರೆ ಮಣ್ಣು ಹೊದಿಸಿ ಸರಿಪಡಿಸಬೇಕಾಯಿತು. ಆ ಕೆಲಸ ಮುಗಿದದ್ದು 2012ರಲ್ಲಿ. ನಮ್ಮ ಊರುಗಳಲ್ಲಿ ಜಿಂಜು ನದಿಯಷ್ಟು ಕ್ಯಾಡ್ಮಿಯಂ ಇದೆ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಗದ್ದೆಗೆ ಹರಡಿದ ಲೋಹವನ್ನು ತೆಗೆಯಲು ಅಷ್ಟು ಸಿರಿವಂತ ದೇಶಕ್ಕೂ ದಶಕಗಳು ಹಿಡಿದವು ಎಂಬುದನ್ನು ಹೇಳುತ್ತಿದ್ದೇನೆ.

ಇನ್ನೊಂದು ಮಾತು ಹೆಂಗಸರಿಗೆ ಸಂಬಂಧಿಸಿದ್ದು. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಕರುಳು ಆಹಾರದ ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರಿಕೊಳ್ಳುತ್ತದೆ. ಗಿಡದ ಬೇರು ಮಾಡುವ ತಪ್ಪನ್ನೇ ನಮ್ಮ ಕರುಳೂ ಮಾಡುತ್ತದೆ. ಮೂತ್ರಪಿಂಡಕ್ಕೆ ಹೋಗಿ ಸೇರಿದ್ದರಲ್ಲಿ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಹೆಚ್ಚಲೆಂದು ಸೊಪ್ಪು ತಿನ್ನಿ ಎಂದು ಅವರಿಗೆ ನಾವೇ ಹೇಳುತ್ತೇವೆ. ಆ ಸೊಪ್ಪು ಎಂಥ ಮಣ್ಣಿನಲ್ಲಿ ಬೆಳೆದದ್ದು ಎಂದು ನೋಡುವ ಹೊಣೆಯೂ ಹೇಳುವ ನಮ್ಮ ಮೇಲೆ ಬರುತ್ತದೆ.

ಹಾಗಾದರೆ ಕೆರೆ, ಜೌಗು ಇವುಗಳಿಂದ ಏನೂ ಉಪಕಾರವಿಲ್ಲವೇ? ತುಂಬಾ ಇದೆ. ಬೆಂಗಳೂರಿನ ಜಕ್ಕೂರು ಕೆರೆಯನ್ನು ನೋಡಿ ಬಂದರೆ ಅದು ಅರ್ಥವಾಗುತ್ತದೆ. ಸುಮಾರು 160 ಎಕರೆಯ ಆ ಕೆರೆಗೆ ಸಂಸ್ಕರಣಾ ಘಟಕದಿಂದ ಬರುವ ನೀರು ನೇರವಾಗಿ ಬೀಳುವುದಿಲ್ಲ. ಮೊದಲು ಜೊಂಡು ತುಂಬಿದ ಜೌಗಿನೊಳಗೆ ನಿಧಾನವಾಗಿ ಹಾದು ಆಮೇಲೆ ಕೆರೆ ಸೇರುತ್ತದೆ. ಜೊಂಡಿನ ಕಾಂಡ ಟೊಳ್ಳು. ಎಲೆಯಿಂದ ಗಾಳಿ ಇಳಿದು ಬೇರಿನ ತುದಿಯಲ್ಲಿ ಸೋರುತ್ತದೆ. ಉಸಿರಿಲ್ಲದ ಕೆಸರಿನ ನಡುವೆ ಬೇರಿನ ಸುತ್ತ ಕೂದಲೆಳೆಯಷ್ಟು ಜಾಗದಲ್ಲಿ ಆಮ್ಲಜನಕ. ಅಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ, ಪಕ್ಕದ ಕೆಸರಿನಲ್ಲಿ ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ. ಬೇರಿನ ಮೇಲೆ ತುಕ್ಕಿನ ಕೆಂಪು ಪದರ ಕಟ್ಟಿ ರಂಜಕವನ್ನೂ ಕೆಲವು ಲೋಹಗಳನ್ನೂ ಹಿಡಿಯುತ್ತದೆ. ಭತ್ತದ ಸಸಿ ಕಿತ್ತಾಗ ಬೇರು ಕೆಂಪಗೆ ಕಾಣುವುದನ್ನು ಗದ್ದೆ ಕೆಲಸ ಮಾಡಿದವರೆಲ್ಲ ನೋಡಿದ್ದಾರೆ. ಅದು ಇದೇ ಪದರ.

ಆದರೆ ಹಿಡಿದದ್ದನ್ನು ಹೊರಗೆ ಸಾಗಿಸುವ ಕೆಲಸ ಮನುಷ್ಯನದು. ನೇರಳೆ ಹೂ ಬಿಡುವ ಅಂತರಗಂಗೆ ರಂಜಕ, ಸಾರಜನಕ, ಲೋಹ ಎಲ್ಲವನ್ನೂ ಹೀರಿ ಬೆಳೆಯುತ್ತದೆ. ಅದನ್ನು ಕಾಲಕಾಲಕ್ಕೆ ಎತ್ತಿ ದೂರ ಒಯ್ದರೆ ಕೆರೆಗೆ ಲಾಭ. ಕೆರೆಯಲ್ಲೇ ಸತ್ತು ಕೊಳೆಯಲು ಬಿಟ್ಟರೆ, ಅಥವಾ ಕಿತ್ತು ಏರಿಯ ಮೇಲೆ ರಾಶಿ ಹಾಕಿ ಮಳೆಗೆ ಬಿಟ್ಟರೆ, ಹೀರಿದ್ದೆಲ್ಲ ಮತ್ತೆ ಕೆರೆಗೇ. ಅದನ್ನು ಎರೆಗೊಬ್ಬರ ಮಾಡಿ ಮಾರುವ ಉತ್ಸಾಹಿಗಳು ಎರೆಹುಳು ಲೋಹವನ್ನು ಕರಗಿಸುವುದಿಲ್ಲ ಎಂಬುದನ್ನು ತಿಳಿಯಬೇಕು. ಸಂಸ್ಕರಣಾ ಘಟಕಗಳೂ ಹಾಗೆಯೇ. ಸಾಮಾನ್ಯ ಘಟಕವನ್ನು ಕಟ್ಟುವುದು ಕೊಳೆಯನ್ನು ಕಳೆಯಲು. ಲೋಹವೇನಾದರೂ ಬಂದರೆ ಅದರ ದೊಡ್ಡ ಪಾಲು ಘಟಕದ ತಳದ ಕೆಸರಿಗೆ ಇಳಿಯುತ್ತದೆ, ಉಳಿದದ್ದು ನೀರಿನ ಜೊತೆ ಮುಂದೆ ಹೋಗುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಏರುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಆ ಯೋಜನೆಯ ಗುರಿ. ಬತ್ತಿದ ಕೆರೆಗಳು ತುಂಬಿದಾಗ ಆ ಜನರ ಮುಖದ ಗೆಲುವನ್ನು ನಾನೂ ನೋಡಿದ್ದೇನೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ನೀರನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ನೀರು ಹರಿದು ಹೋಗುತ್ತದೆ, ಇಂಗುತ್ತದೆ. ಲೋಹವೇನಾದರೂ ಬಂದಿದ್ದರೆ ತಳದಲ್ಲಿ ಉಳಿಯುತ್ತದೆ. ಆ ಕೆರೆಗಳ ಕೆಸರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಊರಿನವರಿಗೆ ಫಲಿತಾಂಶ ತಿಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮೇಲೆ ಬಡಾವಣೆ, ಕಾರ್ಖಾನೆ, ಹೆದ್ದಾರಿ ಇಲ್ಲದ, ಮಳೆನೀರಿನಿಂದಷ್ಟೇ ತುಂಬುವ ಊರಕೆರೆಯ ಗೋಡನ್ನು ಸಂಕೋಚವಿಲ್ಲದೆ ಹೊಡೆಸಿ. ಅದರಷ್ಟು ಒಳ್ಳೆಯದು ಚೀಲದಲ್ಲಿ ಸಿಗುವುದಿಲ್ಲ. ಮೋರಿ ನೀರು, ಕಾರ್ಖಾನೆ ನೀರು ಸೇರುವ ಕೆರೆಯದಾದರೆ ಪರೀಕ್ಷೆಯಾಗದೆ ಮುಟ್ಟಬೇಡಿ. ಅದರಲ್ಲೂ ಸೊಪ್ಪು, ಭತ್ತ, ಹಸುವಿನ ಮೇವು ಬೆಳೆಯುವ ಜಾಗಕ್ಕೆ ಬೇಡ. ಈಗಾಗಲೇ ಹೊಡೆಸಿ ಆಗಿದ್ದರೆ ಗಾಬರಿಯಾಗಬೇಡಿ. ರಸಸಾರ ನೋಡಿಸಿ, ಹುಳಿಯಿದ್ದರೆ ಶಿಫಾರಸಿನಂತೆ ಸುಣ್ಣ ಹಾಕಿ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಡಿ. ಇವೆರಡೂ ಲೋಹವನ್ನು ಬೇರಿನಿಂದ ದೂರ ಹಿಡಿದಿಡುತ್ತವೆ. ಸತುವಿನ ಕೊರತೆಯಿದ್ದರೆ ತುಂಬಿ. ಒಂದಷ್ಟು ಕಾಲ ಸೊಪ್ಪು ಬಿಟ್ಟು ಹೂವು ಬೆಳೆಯಿರಿ. ಸೇವಂತಿಗೆ, ಚೆಂಡುಹೂವನ್ನು ಯಾರೂ ತಿನ್ನುವುದಿಲ್ಲ.

ಪರೀಕ್ಷೆ ಎಂದೆ. ಅಲ್ಲೂ ಒಂದು ಕೊರತೆಯಿದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್ ಅದರಲ್ಲಿ ಇಲ್ಲ. ಚೀಟಿಯಲ್ಲಿ ಎಲ್ಲ ಸರಿಯಿದೆ ಎಂದು ಬಂದರೂ ಈ ನಾಲ್ಕರ ಬಗ್ಗೆ ಅದು ಏನನ್ನೂ ಹೇಳಿರುವುದಿಲ್ಲ. ಒಂದೂವರೆ ಎಕರೆಯ ರೈತ ಮಹಿಳೆ ಸ್ವಂತ ಖರ್ಚಿನಲ್ಲಿ ಪ್ರಯೋಗಾಲಯ ಹುಡುಕಿಕೊಂಡು ಹೋಗಬೇಕು ಎನ್ನುವುದು ನ್ಯಾಯವೂ ಅಲ್ಲ. ಹೂಳೆತ್ತಲು ಟೆಂಡರ್ ಕರೆಯುವವರೇ ಆ ಕೆರೆಯ ಹಲವು ಕಡೆಯ ಹೂಳನ್ನು ಈ ನಾಲ್ಕು ಲೋಹಗಳಿಗೆ ಪರೀಕ್ಷಿಸಿ, ಫಲಿತಾಂಶವನ್ನು ಏರಿಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು. ಪಂಚಾಯಿತಿ ಸಭೆಯಲ್ಲಿ ಇದನ್ನು ಕೇಳಿ, ಬರಹದಲ್ಲಿ ಕೊಡಿ, ಉತ್ತರ ಬರುವ ತನಕ ಬಿಡಬೇಡಿ. ಆ ಫಲಕ ಏರಿಯ ಮೇಲೆ ನಿಲ್ಲುವವರೆಗೆ ಒಂದು ಟಿಪ್ಪರ್ ಹೂಳೂ ಕೆರೆಯಂಗಳ ದಾಟಬಾರದು.